ಟ್ರಂಕ್ ರೂಮಿನ ಗಣಪತಿಗೆ ಬೆಲ್ಲ ಇಟ್ಟವರು

ನಮ್ಮ ಗಣಪತಿ ಎಲ್ಲಿರುತ್ತಾನೆ ಎಂದು ಊರಿನಿಂದ ಬಂದವರು ಯಾರಾದರೂ ಕೇಳಿದರೆ ನಾನು ಮಾತು ಮರೆಸುತ್ತೇನೆ. ಟೋಕಿಯೋದ ನಿಶಿ ಕಸಾಯಿಯ ಕನ್ನಡದವರೆಲ್ಲ ಸೇರಿ ವರ್ಷವರ್ಷವೂ ಗಣೇಶನ ಹಬ್ಬ ಮಾಡುತ್ತೇವೆ. ವಾರ್ಡ್ ಆಫೀಸಿನ ಹಾಲನ್ನು ಬಾಡಿಗೆಗೆ ಹಿಡಿಯುತ್ತೇವೆ. ಸಂಜೆಯಾಗುವುದರೊಳಗೆ ಫೋಟೋಗಳು ಬೆಂಗಳೂರು, ಮೈಸೂರು ಮುಟ್ಟಿರುತ್ತವೆ. ನಮ್ಮದು ಪಂಚಲೋಹದ ಗಣಪತಿ, ಮೊಳಕ್ಕಿಂತ ಎತ್ತರ, ಒಳ್ಳೆಯ ಕಳೆ. ಹಿಂದೆ ಇಲ್ಲಿದ್ದ ಒಂದು ಸಂಸಾರ ಊರಿಗೆ ವಾಪಸು ಹೋಗುವಾಗ ಬಳಗಕ್ಕೆಂದು ಬಿಟ್ಟುಹೋದದ್ದು. ಹಬ್ಬ ಮುಗಿದ ಮೇಲೆ ಅವನನ್ನು ಬಬಲ್ ರ‍್ಯಾಪಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಪೆಟ್ಟಿಗೆಗೆ ಇಳಿಸಿ, ಟ್ರಂಕ್ ರೂಮಿನೊಳಗೆ ಹಾಕಿ ಶಟರ್ ಎಳೆದು ಬರುತ್ತೇವೆ. ಮನೆಯಲ್ಲಿ ಜಾಗವಿಲ್ಲದ ಟೋಕಿಯೋದವರು ಚಳಿಗಾಲದ ಹೊದಿಕೆ, ಹಳೆಯ ಸ್ಕೀ, ಮಕ್ಕಳ ಸೈಕಲ್ಲು ಎಲ್ಲ ತುಂಬಿಡುವ ಬಾಡಿಗೆ ಗೂಡು ಅದು. ಆ ಭಾಗದ ಫೋಟೋ ಯಾರೂ ತೆಗೆಯುವುದಿಲ್ಲ.

ಈ ಫೆಬ್ರವರಿಯಲ್ಲಿ ತೀರಿಕೊಂಡ ಮೇಡಂ ಅವರನ್ನು ನೆನೆಯಲು ಕೂತರೆ ಮೊದಲು ಕಣ್ಣೆದುರಿಗೆ ಬರುವುದು ಆ ಶಟರ್. ಅವರ ಮುಖ ಆಮೇಲೆ ಬರುತ್ತದೆ.

ಅವರು ನಮಗಿಂತ ಬಹಳ ಮೊದಲೇ ಜಪಾನಿಗೆ ಬಂದವರು. ನಾವೆಲ್ಲ ಕಂಪನಿ ಕಳಿಸಿತು ಎಂದು ಬಂದವರಾದರೆ ಅವರು ಓದಬೇಕೆಂದು ಬಂದವರು. ಮೈಸೂರಿನಲ್ಲಿ ಇತಿಹಾಸ ಮುಗಿಸಿ, ಸ್ಕಾಲರ್‌ಶಿಪ್ ಸಿಕ್ಕಿ ಸೆಂಡಾಯ್‌ಗೆ ಬಂದು, ಪ್ರಾಚೀನ ಮೆಸೊಪೊಟೇಮಿಯಾದವರ ದೇವರುಗಳ ಮೇಲೆ ಡಾಕ್ಟರೇಟ್ ಮಾಡಿ, ಆಮೇಲೆ ಟೋಕಿಯೋದ ಕಾಲೇಜುಗಳಲ್ಲಿ ಗಂಟೆ ಲೆಕ್ಕದ ಪಾಠ ಹೇಳುತ್ತ ಇಲ್ಲೇ ಉಳಿದುಬಿಟ್ಟರು. ಮದುವೆಯಾಗಿರಲಿಲ್ಲ. ಗಿಡ್ಡನೆಯ ಬಿಳಿ ಕೂದಲು, ಸಡಿಲ ಪ್ಯಾಂಟು, ಮುಂದೆ ಬುಟ್ಟಿ ಇರುವ ಸೈಕಲ್ಲು. ಇಂದಿನ ಇರಾಕ್ ಇರುವ ಕಡೆ ಸಾವಿರಾರು ವರ್ಷಗಳ ಹಿಂದೆ ಜನ ಹಸಿ ಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿ ಒತ್ತಿ ಬರೆದದ್ದನ್ನು ಅವರು, ನಾವು ಬೆಳಗಿನ ಪೇಪರ್ ಓದಿದ ಹಾಗೆ ಓದುತ್ತಿದ್ದರು.

"ಅಷ್ಟೆಲ್ಲ ಕಷ್ಟಪಟ್ಟು ಓದಿದ್ರೆ ಒಳಗೆ ಏನಿರುತ್ತೆ ಮೇಡಂ?" ಎಂದು ಒಮ್ಮೆ ಕೇಳಿದ್ದೆ.

"ಅಡುಗೆ ಲಿಸ್ಟು," ಎಂದರು. "ದೇವರಿಗೆ ಬೆಳಿಗ್ಗೆ ಎಷ್ಟು ರೊಟ್ಟಿ, ಸಂಜೆ ಎಷ್ಟು ಖರ್ಜೂರ, ಎಷ್ಟು ಕೊಡ ಬಿಯರು. ನನ್ನ ಜೀವನ ಎಲ್ಲಾ ಬೇರೆಯವರ ದೇವರ ಅಡುಗೆಮನೇಲೇ ಕಳೀತು ನೋಡಿ."

ನಾವು ಬಂದ ಹೊಸದರಲ್ಲಿ ವಾರ್ಡ್ ಆಫೀಸಿಗೆ ನಮ್ಮ ಜೊತೆ ಬಂದು ಅರ್ಜಿ ತುಂಬಿಸಿದವರು ಅವರು. ಯಾವ ವಾರ ಯಾವ ಕಸ ಹೊರಗಿಡಬೇಕು ಎಂಬ ದೊಡ್ಡ ವಿದ್ಯೆಯನ್ನು ನನ್ನ ಹೆಂಡತಿಗೆ ಹೇಳಿಕೊಟ್ಟವರೂ ಅವರೇ. "ಇಲ್ಲಿ ದೇವರಿಗೆ ಹೆದರದೆ ಬದುಕಬಹುದಮ್ಮ. ಕಸದ ಕ್ಯಾಲೆಂಡರಿಗೆ ಮಾತ್ರ ಹೆದರಲೇಬೇಕು," ಎಂದು ನಗಿಸಿದ್ದರು. ಅದಕ್ಕೆ ಕೃತಜ್ಞತೆಯೆಂದು ನನ್ನ ಹೆಂಡತಿ ಚಪಾತಿ ಊಟಕ್ಕೆ ಕರೆದಳು. ಬಂದವರು ಸೀದಾ ಅಡುಗೆಮನೆಗೆ ಹೋಗಿ ಕಲಸಿಟ್ಟ ಹಿಟ್ಟಿನ ಒಂದು ಉಂಡೆ ತೆಗೆದುಕೊಂಡು ಅಂಗೈಯಲ್ಲಿ ತಟ್ಟಿ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಕೊಂಬಿನಿ ಅಂಗಡಿಯ ಊಟದ ಜೊತೆ ಕೊಡುತ್ತಾರಲ್ಲ, ಆ ಮರದ ಕಡ್ಡಿಯ ಮೂಲೆಯಿಂದ ಪುಟ್ಟಪುಟ್ಟ ಮೊಳೆಗಳ ಹಾಗೆ ಒತ್ತಿದರು. ನಕ್ಷತ್ರದಂಥ ಒಂದು ಗುರುತು ಮೂಡಿತು.

"ಇದು ಬಂತು ಅಂದ್ರೆ ಮುಂದೆ ಬರೋದು ದೇವರ ಹೆಸರು ಅಂತ ಅರ್ಥ. ಓದೋವಾಗ ಇದನ್ನ ಬಾಯಲ್ಲಿ ಹೇಳಲ್ಲ. ಸುಮ್ನೆ ಮನಸ್ಸಿನಲ್ಲಿ ಸ್ವಲ್ಪ ನೆಟ್ಟಗೆ ಕೂತ್ಕೋಬೇಕು, ಅಷ್ಟೆ."

ಅದನ್ನು ಕಾವಲಿಗೆ ಹಾಕಿ ಬೇಯಿಸಿ, ತುಪ್ಪ ಸವರಿ ತಾವೇ ತಿಂದರು.

ಅವರ ಇನ್ನೊಂದು ಅಭ್ಯಾಸ ನನ್ನ ಹೆಂಡತಿಗೆ ಮೊದಮೊದಲು ಹಿಡಿಸುತ್ತಿರಲಿಲ್ಲ. ಎದುರಿಗೆ ಕೂತವರು ಮೊದಲ ತುತ್ತು ಬಾಯಿಗಿಡುವಾಗ ಮೇಡಂ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಿದ್ದರು. "ನಾವೇನು ಅಷ್ಟು ಅಸಹ್ಯವಾಗಿ ತಿಂತೀವಾ?" ಎಂದು ಅವಳು ನನ್ನ ಹತ್ತಿರ ಗೊಣಗಿದ್ದಳು. ನಾನು ಹೇಗೋ ಧೈರ್ಯ ಮಾಡಿ ಕೇಳಿದೆ. ಅವರಿಗೇ ಅದು ಗೊತ್ತಿರಲಿಲ್ಲವಂತೆ, ಕೇಳಿ ನಾಚಿಕೊಂಡರು. "ಅಲ್ಲಿ ದೇವರ ಮುಂದೆ ಊಟ ಇಟ್ಟು ತೆರೆ ಎಳೀತಿದ್ರು. ನಮ್ಮ ಗುಡೀಲೂ ಎಳೀತಾರಲ್ಲ, ಹಾಗೇ. ಉಣ್ಣೋದನ್ನ ನೋಡಬಾರದು, ಮುಜುಗರ ಆಗುತ್ತೆ ಅಂತ. ಓದಿ ಓದಿ ನಂಗೆ ಅಂಟಿಕೊಂಡಿದೆ. ತಪ್ಪು ತಿಳೀಬೇಡಿ." ಅಂದಿನಿಂದ ಅವರು ಮುಖ ತಿರುಗಿಸಿದರೆ ನನ್ನ ಹೆಂಡತಿ ಬೇಕೆಂತಲೇ ಒಂದು ತುತ್ತು ಹೆಚ್ಚು ತಿನ್ನುತ್ತಿದ್ದಳು.

ಇಷ್ಟೆಲ್ಲ ಆದರೂ ತಮಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಅವರು ಎಲ್ಲರೆದುರಿಗೂ ಹೇಳುತ್ತಿದ್ದರು. ಅದನ್ನು ಹೇಳುವುದರಲ್ಲಿ ಜಂಬವಿರುತ್ತಿರಲಿಲ್ಲ. ತಮಗೆ ಬದನೆಕಾಯಿ ಆಗಿಬರುವುದಿಲ್ಲ ಎಂದು ಹೇಳುವವರ ಧಾಟಿ ಅದು. ಮೀನು ತಿನ್ನುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ನಮ್ಮ ಬಳಗದಲ್ಲಿ ಈ ಎರಡು ಮಾತು ಅವರು ಹೋದಲ್ಲೆಲ್ಲ ಅವರ ಬೆನ್ನಿಗೇ ಬರುತ್ತಿದ್ದವು.

ಒಂದು ವರ್ಷ ಹಬ್ಬದಲ್ಲಿ ಅವರು ನಾಲ್ಕು ಮಾತಾಡಲಿ ಎಂದು ಕೇಳಿದೆವು. ಆಗ ಬಳಗದ ಕಾರ್ಯದರ್ಶಿ ನಾನೇ. ಮಕ್ಕಳಿಗೆ ಅರ್ಥವಾಗುವ ಹಾಗೆ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಚೆನ್ನಾಗಿಯೇ ಶುರು ಮಾಡಿದರು. ಮೆಸೊಪೊಟೇಮಿಯಾದವರ ಪ್ರಕಾರ ಮನುಷ್ಯರನ್ನು ಮಾಡಿದ್ದೇ ದೇವರ ಚಾಕರಿಗೆ. ಮೊದಲು ಕಾಲುವೆ ತೋಡುವುದು, ಮಣ್ಣು ಹೊರುವುದು ಎಲ್ಲ ಸಣ್ಣ ದೇವರುಗಳ ಕೆಲಸವಾಗಿತ್ತಂತೆ. ಅವರು ಬೇಸತ್ತು ಗಲಾಟೆ ಮಾಡಿದ ಮೇಲೆ ಮಣ್ಣು ಕಲಸಿ ನಮ್ಮನ್ನು ಮಾಡಿ ಕೆಲಸ ಹಚ್ಚಿದರಂತೆ. "ಔಟ್‌ಸೋರ್ಸಿಂಗ್!" ಎಂದು ಹಿಂದಿನಿಂದ ಯಾರೋ ಕೂಗಿದರು. ನಮ್ಮೆಲ್ಲರ ಹೊಟ್ಟೆಪಾಡೇ ಅದಾದ್ದರಿಂದ ಹಾಲ್ ಪೂರ್ತಿ ನಕ್ಕಿತು.

ಮೇಡಂ ಮಂಟಪದ ಕಡೆ ತಿರುಗಿದರು. ಆ ಥರ್ಮೋಕೋಲ್ ಮಂಟಪ ಕಟ್ಟಿದ ಹುಡುಗ ಬೆಳಗಿನಿಂದ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದ. "ಅಲ್ಲಿ ದೇವರ ಮೂರ್ತಿ ಮಾಡಿದ ಅಕ್ಕಸಾಲಿ ಕೊನೇಲಿ ಕೈ ಕಟ್ಟಿಸ್ಕೊಂಡು ನಿಂತು, ಇದನ್ನ ನಾನು ಮಾಡಲಿಲ್ಲ ಅಂತ ಪ್ರಮಾಣ ಮಾಡಬೇಕಿತ್ತು. ಮರದ ಕತ್ತೀಲಿ ಕೈ ಕತ್ತರಿಸೋ ಹಾಗೆ ಆಟ ಆಡ್ತಿದ್ರು. ನಾವು ಟ್ಯಾಗ್ ಮಾಡಿಸ್ಕೋತೀವಿ," ಎಂದರು. ಮತ್ತೆ ನಗು.

ಆಮೇಲೆ ನಗು ನಿಂತಿತು. "ಅಲ್ಲಿ ದೇವರು ಗುಡಿ ಬಿಟ್ಟು ಹೋದ ಅಂದ್ರೆ ಊರೇ ಮುಗೀತು ಅಂತ. ವೈರಿಗಳು ಗೆದ್ದರೆ ಮೊದಲು ಹೊತ್ಕೊಂಡು ಹೋಗ್ತಿದ್ದದ್ದು ದೇವರನ್ನೇ. ನಮ್ಮ ಧೈರ್ಯ ನೋಡಿ. ನಾವೇ ಪೂಜೆ ಮಾಡಿ, ನಾವೇ ಸಂಜೆ ಮರ್ಯಾದೆಯಾಗಿ ಹೋಗಿ ಬಾ ಅಂತೀವಿ. ಎಲ್ಲಿಗೆ ಹೋಗ್ತಾನೆ, ಅಲ್ಲಿ ಅವನಿಗೆ ಏನಿದೆ ಅಂತ ಮಾತ್ರ ಕೇಳಲ್ಲ."

ನಮ್ಮಲ್ಲಿ ಪೂಜೆ ಮಾಡಿಸುವವರೊಬ್ಬರಿದ್ದಾರೆ. ಕೆಲಸ ಬ್ಯಾಂಕಿನ ಸಾಫ್ಟ್‌ವೇರಿನದು, ಆದರೆ ಮಂತ್ರ ಬರುತ್ತದೆ ಎಂದು ಎಲ್ಲರೂ ಶಾಸ್ತ್ರಿಗಳು ಎನ್ನುತ್ತೇವೆ. ಅವರ ಕಿವಿ ಕೆಂಪಾಗಿತ್ತು. "ಮೇಡಂ, ಕ್ಷಮಿಸಿ. ಬಿಯರು, ಕುರಿ ತಿನ್ನೋ ದೇವರುಗಳನ್ನ ತಂದು ನಮ್ಮ ದೇವರ ಪಕ್ಕ ಕೂರಿಸಬೇಡಿ. ಅವೆಲ್ಲ ಸತ್ತುಹೋದ ದೇವರುಗಳು."

"ಹೌದು, ಸತ್ತುಹೋದವು," ಎಂದರು ಮೇಡಂ. "ಹೇಗೆ ಸತ್ತವು ಅಂತ ಗೊತ್ತಾ? ಯಾರೂ ಕೊಲ್ಲಲಿಲ್ಲ. ಊಟ ಹಾಕೋರು ಇಲ್ಲದಂಗಾಯ್ತು."

ಶಾಸ್ತ್ರಿಗಳು ಮಂಗಳಾರತಿಯ ಗಂಟೆ ಹಿಡಿದುಕೊಂಡರು.

ಅಂದು ಸಂಜೆ ನಾವು ಮೂರ್ತಿಗೆ ಬಬಲ್ ರ‍್ಯಾಪ್ ಸುತ್ತುತ್ತಿದ್ದಾಗ ಮೇಡಂ ಹತ್ತಿರ ಬಂದು ನಿಂತರು. "ಇವನನ್ನ ನಮ್ಮನೇಲಿ ಇಟ್ಕೊಳ್ಳಲಾ? ನಾನೊಬ್ಬಳೇ ಇರೋದು. ಜಾಗ ಇದೆ," ಎಂದರು. ಕೇಳುವಾಗ ಅವರ ಧ್ವನಿ ತೀರ ಸಣ್ಣದಾಗಿತ್ತು, ಯಾರದೋ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಲೇ ಎಂದು ಕೇಳುವ ಹಾಗೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅಷ್ಟು ದೊಡ್ಡ ಮೂರ್ತಿಯನ್ನು ಮನೆಯಲ್ಲಿಟ್ಟುಕೊಳ್ಳಲು ನಮ್ಮಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಜಾಗ ಒಂದು ನೆಪ. ನಿಜವಾದ ಕಾರಣ ನಮ್ಮ ಭಕ್ತಿ. ಇಟ್ಟುಕೊಂಡರೆ ದಿನಾ ಪೂಜೆಯಾಗಬೇಕು, ನೈವೇದ್ಯ ತಪ್ಪಬಾರದು, ರಜೆಯಲ್ಲಿ ಹೊಕ್ಕೈಡೋಗೆ ಹೋಗುವ ಹಾಗಿಲ್ಲ, ತಪ್ಪಿದರೆ ಮನೆಗೆ ಒಳ್ಳೆಯದಲ್ಲ. ಹೀಗೆ ದೇವರಿಗೆ ಹೆದರಿಯೇ ದೇವರನ್ನು ಗೂಡಿನಲ್ಲಿಟ್ಟಿದ್ದೆವು. ಸಂಜೆ ಉದ್ವಾಸನೆಯ ಮಂತ್ರ ಹೇಳಿ ಅವನನ್ನು ಕಳಿಸಿಕೊಟ್ಟ ಮೇಲೆ ಉಳಿಯುವುದು ಬರೀ ಲೋಹ ಎಂದು ಶಾಸ್ತ್ರಿಗಳು ನಮಗೆಲ್ಲ ಸಮಾಧಾನ ಹೇಳಿದ್ದರು. ಹಾಗಾದರೆ ಬರೀ ಲೋಹವನ್ನು ಮೇಡಂ ಮನೆಯಲ್ಲಿಟ್ಟರೆ ಏನು ಕಷ್ಟ? ಅದನ್ನು ಯಾರೂ ಕೇಳಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಲ್ಲರ ತಲೆಯಲ್ಲೂ ಅವರ ಮನೆಯ ಮೀನಿನ ವಾಸನೆ ಇತ್ತು. "ನೋಡೋಣ ಮೇಡಂ, ಕಮಿಟೀಲಿ ಮಾತಾಡ್ತೀವಿ," ಎಂದೆ ನಾನು. ಜಪಾನಿನಲ್ಲಿ ಇಷ್ಟು ವರ್ಷ ಇದ್ದವರಿಗೆ 'ನೋಡೋಣ' ಎಂದರೆ 'ಇಲ್ಲ' ಎಂದು ಗೊತ್ತಿರುವುದಿಲ್ಲವೇ? ಅವರು ತಲೆ ಬಗ್ಗಿಸಿ, "ಅರಿಗಾತೋ," ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋದರು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸಿಡಿದಳು. "ನೀವು ಯಾರೂ ಇಟ್ಕೊಳ್ಳಲ್ಲ. ಇಟ್ಕೋತೀನಿ ಅಂದೋರಿಗೂ ಕೊಡಲ್ಲ. ಎಂಥಾ ಭಕ್ತಿನಪ್ಪಾ ನಿಮ್ದು!"

"ಹಾಗಾದ್ರೆ ನೀನು ಇಟ್ಕೋತೀಯಾ?" ಎಂದೆ.

ಅವಳು ಪಾತ್ರೆ ತೊಳೆಯಲು ಹೋದಳು.

ಮುಂದಿನ ಚಳಿಗಾಲ ಮುಗಿಯುತ್ತ ಬಂದಾಗ ಟ್ರಂಕ್ ರೂಮಿನ ಕಟ್ಟಡ ನೋಡಿಕೊಳ್ಳುವ ಯಜಮಾನರು ನನಗೆ ಫೋನ್ ಮಾಡಿದರು. ತಿಂಡಿ ಪದಾರ್ಥ ಇಡಬಾರದೆಂದು ನಿಯಮವಿದೆ, ನಿಮ್ಮ ಗೂಡಿನಿಂದ ಇರುವೆ ಬರುತ್ತಿದೆ, ದಯವಿಟ್ಟು ಬಂದು ನೋಡುತ್ತೀರಾ ಎಂದು ಅವರೇ ತಪ್ಪು ಮಾಡಿದವರ ಹಾಗೆ ನಾಲ್ಕು ಸಲ ಸುಮಿಮಾಸೆನ್, ಕ್ಷಮಿಸಿ ಎಂದರು. ಶಾಸ್ತ್ರಿಗಳೂ ನಾನೂ ಹೋಗಿ ಶಟರ್ ಎತ್ತಿದೆವು. ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಬಬಲ್ ರ‍್ಯಾಪ್ ಅಚ್ಚುಕಟ್ಟಾಗಿ ಮಡಿಸಿ ಬದಿಗಿಟ್ಟಿತ್ತು. ಗಣಪತಿಗೆ ಯಾರೋ ಕೈಯಲ್ಲಿ ಹೆಣೆದ ಕೆಂಪು ಉಣ್ಣೆಯ ಟೋಪಿ ಹಾಕಿದ್ದರು, ಕಿರೀಟಕ್ಕೆ ಸರಿಯಾಗಿ ಅಳತೆ ನೋಡಿ ಹೆಣೆದದ್ದು. ಮುಂದೆ ಪುಟ್ಟ ತಟ್ಟೆ. ತಟ್ಟೆಯಲ್ಲಿ ಒಡೆದ ಮೋದಕ, ಸುತ್ತ ಇರುವೆ ಸಾಲು. ಇರುವೆ ಮುತ್ತದ ಒಂದು ಮೋದಕದ ನೆತ್ತಿಯ ಮೇಲೆ ನಕ್ಷತ್ರದ ಗುರುತು ಒತ್ತಿತ್ತು. ಯಾರೆಂದು ನನಗೆ ಅಲ್ಲೇ ಗೊತ್ತಾಯಿತು.

"ಬಿಳಿ ಕೂದಲಿನ ಆ ಅಮ್ಮನವರು ಶನಿವಾರ ಶನಿವಾರ ಬರುತ್ತಾರೆ," ಎಂದರು ಯಜಮಾನರು. "ಬಂದವರು ಅರ್ಧ ಶಟರ್ ಇಳಿಸಿ ಹೊರಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಆಮೇಲೆ ಮುಚ್ಚಿ ಹೋಗುತ್ತಾರೆ. ನಿಮ್ಮ ಕಡೆಯ ಪದ್ಧತಿ ಎಂದುಕೊಂಡಿದ್ದೆ."

ಗೂಡಿಗೆ ತೀರ ಹತ್ತಿರದ ಮನೆ ಅವರದೆಂದು ಒಂದು ಬೀಗದ ಕೈಯನ್ನು ಮೊದಲಿನಿಂದಲೂ ಅವರ ಹತ್ತಿರ ಬಿಟ್ಟಿದ್ದೆವು. ಅದು ನಮಗೆ ನೆನಪಿಗೆ ಬಂದದ್ದೇ ಅಂದು.

ಒಂದು ಭಾನುವಾರ ಕಮಿಟಿ ಸೇರಿತು. ಮೇಡಂ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು, ಯುಗಾದಿಯ ಬಗ್ಗೆ ಮಾತುಕತೆ ಎಂದುಕೊಂಡಿದ್ದರು. ಶಾಸ್ತ್ರಿಗಳು ಕೆಂಪು ಟೋಪಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದರು. ಅದನ್ನು ಎಲ್ಲರ ನಡುವೆ ಚಾಪೆಯ ಮೇಲಿಟ್ಟಾಗ ನನಗೆ ಪೊಲೀಸ್ ಸ್ಟೇಷನ್ನಿನಲ್ಲಿ ಕೂತ ಹಾಗಾಯಿತು. ಎದ್ದು ಅದನ್ನು ತೆಗೆದಿಡಬಹುದಿತ್ತು. ನಾನು ಏಳಲಿಲ್ಲ.

"ಮೇಡಂ, ಉದ್ವಾಸನೆ ಆದ ಮೇಲೆ ನೈವೇದ್ಯ ಇಡೋದು ದೋಷ. ಅಲ್ಲಿ ಯಾರೂ ಇಲ್ಲ," ಎಂದರು ಶಾಸ್ತ್ರಿಗಳು.

"ಗ್ಯಾರಂಟಿನಾ?" ಎಂದರು ಮೇಡಂ. ವಾದಕ್ಕೆ ಕೇಳಿದ್ದಲ್ಲ. ಗ್ಯಾರಂಟಿ ಇದ್ದರೆ ತಮಗೂ ನೆಮ್ಮದಿ ಎನ್ನುವ ಹಾಗಿತ್ತು.

ಮೂಲೆಯಲ್ಲಿದ್ದ ಒಬ್ಬರು, "ಅಲ್ಲ ಮೇಡಂ, ನೀವು ದೇವರನ್ನೇ ನಂಬಲ್ಲವಲ್ಲ! ನಿಮಗ್ಯಾಕೆ ಇದೆಲ್ಲ?" ಎಂದರು.

"ನಾನು ನಂಬಲ್ಲ, ನಿಜ," ಎಂದರು ಅವರು. "ಆದ್ರೆ ಅವನಿಗೆ ಅದು ಗೊತ್ತಿಲ್ವಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳ್ಳೆಯ ಜೋಕು ಎಂದೇ ನಕ್ಕದ್ದು. ಅವರು ನಗಲಿಲ್ಲ ಎಂಬುದು ತಡವಾಗಿ ಕಣ್ಣಿಗೆ ಬಿತ್ತು. ಅವರ ಕುತ್ತಿಗೆಯವರೆಗೂ ಕೆಂಪಾಗಿತ್ತು. ಅಷ್ಟು ವಯಸ್ಸಾದವರು, ಅಷ್ಟು ಓದಿದವರು, ನಮ್ಮಂಥವರ ಮುಂದೆ ಮಂಡಿ ಮಡಿಸಿ ಕೂತು ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ಇರುವೆ ಬಂದಿದ್ದು ನನ್ನ ತಪ್ಪು," ಎಂದರು ಕೊನೆಗೆ. "ಮೋದಕ ಇಡಬಾರದಿತ್ತು. ಬೆಲ್ಲ ಮಾತ್ರ, ಮುಚ್ಚಳ ಬಿಗಿ ಇರೋ ಡಬ್ಬೀಲಿ ಇಟ್ರೆ ಬರಲ್ಲ. ಮೊದಮೊದಲು ಹಾಗೇ ಇಡ್ತಿದ್ದೆ. ಡಬ್ಬಿ ಮುಚ್ಚಿಟ್ರೆ ಹೇಗೆ ತಿಂತಾನೆ ಅಂತ..."

ಬೀಗದ ಕೈ ವಾಪಸು ಪಡೆಯುವುದು ಎಂದು ತೀರ್ಮಾನವಾಯಿತು. ಕಾರ್ಯದರ್ಶಿ ನಾನಾದ್ದರಿಂದ ಕೈ ಚಾಚಬೇಕಾದವನೂ ನಾನೇ. ಅವರ ಕೀ ಬಂಚಿನ ಬಳೆ ಬಹಳ ಬಿಗಿಯಾಗಿತ್ತು. ಉಗುರಿನಲ್ಲಿ ಬಿಡಿಸಲು ಹೋದಷ್ಟೂ ಅದು ಜಾರುತ್ತಿತ್ತು. ಕೊಡಿ ಮೇಡಂ, ನಾನು ಬಿಡಿಸುತ್ತೇನೆ ಎನ್ನಬಹುದಿತ್ತು. ನಾನು ಅಂಗೈ ಅಗಲಿಸಿಕೊಂಡು ಹಾಗೇ ನಿಂತಿದ್ದೆ. ಕೊನೆಗೆ ಬಿಟ್ಟುಕೊಂಡಿತು. ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಕವರಿನಲ್ಲಿದ್ದ ಟೋಪಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ತಂದಿದ್ದ ಕಿತ್ತಳೆ ಹಣ್ಣು ಎಲ್ಲರಿಗೂ ಹಂಚಿಯೇ ಹೋದರು. ನಾವು ತಿಂದೆವು.

ಆಮೇಲೆ ಅವರು ನಮ್ಮ ಕಾರ್ಯಕ್ರಮಗಳಿಗೆ ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದು ಅಂದುಕೊಂಡರೆ ನಮಗೆ ಹಗುರವಾಗುತ್ತಿತ್ತು, ಹಾಗಾಗಿ ಹಾಗೆಯೇ ಅಂದುಕೊಂಡೆವು. ಒಂದು ದಿನ ಸ್ಟೇಷನ್ ಹತ್ತಿರದ ಕೊಂಬಿನಿಯಲ್ಲಿ ಎದುರಾದರು. ಅನ್ನದ ಉಂಡೆಗಳಿರುವ ಕಪಾಟಿನ ಮುಂದೆ ನಿಂತಿದ್ದರು. ಮುನಿಸಿನ ಸುಳಿವೇ ಇರಲಿಲ್ಲ. ಹೆಂಡತಿ ಹೇಗಿದ್ದಾಳೆ, ಮಗಳು ಕನ್ನಡ ಮಾತಾಡುತ್ತಾಳಾ ಎಂದೆಲ್ಲ ಕೇಳಿ, ಆಮೇಲೆ, "ಹೇಗಿದಾನೆ ಗಣಪ?" ಎಂದರು. ಹಾಸ್ಟೆಲಿನಲ್ಲಿ ಬಿಟ್ಟುಬಂದ ಹುಡುಗನನ್ನು ವಿಚಾರಿಸುವ ಹಾಗೆ.

"ಚೆನ್ನಾಗಿದಾನೆ ಮೇಡಂ."

"ಹೋಗಿದ್ರಾ?"

"ಹೋಗಿದ್ದೆ, ಮೊನ್ನೆ ತಾನೇ," ಎಂದೆ. ಬೀಗದ ಕೈ ಅಂದಿನಿಂದ ನಮ್ಮ ಮನೆಯ ಚಪ್ಪಲಿ ಗೂಡಿನ ಮೇಲೆ ಬಿದ್ದಿತ್ತು.

ಅವರು ಕಪಾಟಿನ ಕಡೆ ಮುಖ ತಿರುಗಿಸಿದರು. ನಾನು ಊಟ ಮಾಡುವಾಗ ಕಿಟಕಿಯ ಕಡೆ ತಿರುಗುತ್ತಿದ್ದರಲ್ಲ, ಹಾಗೆಯೇ. ನಾನು ಸುಳ್ಳು ಹೇಳುವುದನ್ನು ನೋಡಲು ಅವರಿಗೆ ಮುಜುಗರವಾಯಿತು. "ಒಳ್ಳೇದಾಯ್ತು," ಎಂದು ಒಂದು ಅನ್ನದ ಉಂಡೆ ತೆಗೆದುಕೊಂಡು ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಫೆಬ್ರವರಿಯಲ್ಲಿ ಓನೋ ಸಾನ್ ಎಂಬ ಹುಡುಗಿ ಫೋನ್ ಮಾಡಿದಳು. ಮೇಡಂ ಹತ್ತಿರ ಮಣ್ಣಿನ ಹಲಗೆ ಓದಲು ಕಲಿಯುತ್ತಿದ್ದ ವಿದ್ಯಾರ್ಥಿನಿ. ತನ್ನ ಗುರುಗಳು, ಸೆನ್ಸೆ, ಹೃದಯಾಘಾತದಿಂದ ಹೋಗಿಬಿಟ್ಟರು, ನಿಮ್ಮ ಬಳಗದವರಿಗೆ ತಿಳಿಸಬೇಕು ಎಂದಳು. ನಾನು, ನನ್ನ ಹೆಂಡತಿ, ಶಾಸ್ತ್ರಿಗಳು ಹೋದೆವು. ಬಳಗದಿಂದ ಬಂದವರು ನಾವಷ್ಟೇ.

ಚಿತಾಗಾರದ ಬಾಗಿಲಲ್ಲಿ ಅಂದು ಯಾರು ಯಾರ ದಹನ ಎಂದು ಫಲಕ ಹಾಕಿದ್ದರು. ಅವರ ಪೂರ್ತಿ ಹೆಸರನ್ನು, ಅವರ ತಂದೆಯ ಹೆಸರಿನ ಸಮೇತ, ನಾನು ಮೊದಲ ಸಲ ಓದಿದ್ದು ಅಲ್ಲಿ. ಇಷ್ಟು ವರ್ಷ ಮೇಡಂ, ಮೇಡಂ ಎಂದೇ ಕರೆದು ಮುಗಿಸಿದ್ದೆವು. ನನ್ನ ಫೋನಿನಲ್ಲಿ ಅವರ ನಂಬರು 'ಮೇಡಂ ಟ್ರಂಕ್ ರೂಮ್' ಎಂದಿತ್ತು. ನನ್ನ ಹೆಂಡತಿ ಫಲಕದ ಮುಂದೆ ನಿಂತು, "ಎಷ್ಟು ಚೆನ್ನಾಗಿದೆ ಹೆಸರು," ಎಂದು ಅತ್ತಳು.

ಶಾಸ್ತ್ರಿಗಳು ಮೆಲ್ಲಗೆ, "ಗೋತ್ರ ಯಾವುದು?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂದು ಹೇಳುವ ವಾಡಿಕೆಯಿದೆ. ಹಾಗೆಯೇ ಹೇಳಿ ನಾಲ್ಕು ಮಂತ್ರ ಮುಗಿಸಿ ಅವರು ಹೊರಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತರು. ಆ ಟೋಪಿಯನ್ನು ಕವರಿಗೆ ಹಾಕಿದ ಕೈ ಅವರದು, ಬೀಗದ ಕೈಗೆ ಚಾಚಿದ ಕೈ ನನ್ನದು. ಆ ದಿನ ನಾವಿಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಇಲ್ಲಿನ ಕ್ರಮದಂತೆ ಸುಟ್ಟ ಮೇಲೆ ಉಳಿದ ಮೂಳೆಗಳನ್ನು ಉದ್ದನೆಯ ಕಡ್ಡಿಗಳಿಂದ ಎತ್ತಿ ಕುಡಿಕೆಗೆ ಹಾಕಬೇಕು. ಇಬ್ಬರು ಸೇರಿ ಒಂದು ತುಣುಕು ಹಿಡಿಯಬೇಕು. ಓನೋ ಸಾನ್ ಜೊತೆ ನಾನು ಹಿಡಿದೆ. ಚಪಾತಿ ಹಿಟ್ಟಿನ ಮೇಲೆ ಕಡ್ಡಿ ಒತ್ತುತ್ತಿದ್ದ ಆ ಬೆರಳುಗಳು ನೆನಪಾಗಿ ನನ್ನ ಕಡ್ಡಿ ಜಾರಿತು. ಅವಳು ತನ್ನ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು ನನ್ನದನ್ನೂ ಸಂಭಾಳಿಸಿದಳು.

ಹೊರಗೆ ಬಂದ ಮೇಲೆ ಅವಳು ಒಂದು ವಿಷಯ ಹೇಳಿದಳು. ಮೆಸೊಪೊಟೇಮಿಯಾದವರ ನಂಬಿಕೆಯಲ್ಲಿ ಸತ್ತವರಿಗೂ ಹಸಿವು ಬಾಯಾರಿಕೆ ಇರುತ್ತದಂತೆ. ಮನೆಯವರು ಆಗಾಗ ನೀರು ಸುರಿದು ಅವರ ಹೆಸರು ಹಿಡಿದು ಕರೆಯಬೇಕು. ಕರೆಯುವವರಿಲ್ಲದವರು ಕೆಳಗೆ ಮಣ್ಣು ತಿಂದುಕೊಂಡು, ಬಾಯಾರಿ ಅಲೆಯುತ್ತಾರಂತೆ. "ಸೆನ್ಸೆ ತಮ್ಮ ಅಪ್ಪ ಅಮ್ಮನಿಗೆ ಬಾಲ್ಕನಿಯ ಹೂಕುಂಡಕ್ಕೆ ನೀರು ಹಾಕಿ ಹೆಸರು ಹೇಳುತ್ತಿದ್ದರು. ನಾವು ಕೇಳಿದರೆ, ನಂಬಿಕೆಯಿಲ್ಲ, ಅಭ್ಯಾಸ ಅಷ್ಟೇ ಎಂದು ನಗುತ್ತಿದ್ದರು. ನನಗೆ ಸೆಂಡಾಯ್‌ನಲ್ಲಿ ಕೆಲಸ ಸಿಕ್ಕಿದೆ. ಇಲ್ಲಿ ಸೆನ್ಸೆಯ ಹೆಸರನ್ನು ಯಾರು ಕರೆಯುತ್ತಾರೆ?"

ಅವಳು ನನ್ನನ್ನು ಆಕ್ಷೇಪಿಸಲಿಲ್ಲ, ಬರೀ ಕೇಳಿದಳು. ಆಮೇಲೆ ಚೀಲದಿಂದ ಕೆಂಪು ಉಣ್ಣೆಯ ಟೋಪಿ ತೆಗೆದು, ಮೇಜಿನ ಖಾನೆಯಲ್ಲಿ ಸಿಕ್ಕಿತು, ಯಾವ ಮಗುವಿಗೆ ಹೆಣೆದದ್ದೋ ಗೊತ್ತಾಗಲಿಲ್ಲ ಎಂದಳು. ನನಗೆ ಗೊತ್ತು ಎಂದು ಇಸಿದುಕೊಂಡೆ.

ಮುಂದಿನ ಶನಿವಾರ ಟ್ರಂಕ್ ರೂಮಿಗೆ ಹೋದೆ. ಚಪ್ಪಲಿ ಗೂಡಿನ ಮೇಲಿದ್ದ ಬೀಗದ ಕೈ ಧೂಳು ಹಿಡಿದಿತ್ತು. ಪೆಟ್ಟಿಗೆ ತೆಗೆದು, ಬಬಲ್ ರ‍್ಯಾಪ್ ಬಿಡಿಸಿ, ಟೋಪಿ ಹಾಕಿದೆ. ಸರಿಯಾಗಿ ಕೂತಿತು. ಬೆಲ್ಲದ ಡಬ್ಬಿಯನ್ನು ಮುಂದಿಟ್ಟು ಮುಚ್ಚಳ ತೆಗೆದೆ. ಚಿಕ್ಕಂದಿನಿಂದ ಬಾಯಿಪಾಠವಾದ ಶ್ಲೋಕಗಳಿದ್ದವು, ಒಂದೂ ಬಾಯಿಗೆ ಬರಲಿಲ್ಲ. "ಸುಮಿಮಾಸೆನ್," ಎಂದೆ. ಅರ್ಧ ಶಟರ್ ಇಳಿಸಿ ಹೊರಗೆ ಬೆನ್ನು ಹಾಕಿ ನಿಂತುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ಡಬ್ಬಿಯ ಮುಚ್ಚಳ ಬಿಗಿದು ಬಂದೆ.

"ಆ ಅಮ್ಮನವರು ಈಗ ಬರುವುದಿಲ್ಲವೇ?" ಎಂದು ಯಜಮಾನರು ಕೇಳಿದರು. ತೀರಿಕೊಂಡರು ಎಂದೆ. ಅವರು ತಮ್ಮ ತಲೆಯ ಮೇಲಿದ್ದ ಟೋಪಿ ತೆಗೆದು ಶಟರಿನ ಕಡೆಗೆ ತಲೆ ಬಾಗಿಸಿದರು. ಇಷ್ಟು ವರ್ಷದಲ್ಲಿ ಆ ಗೂಡಿಗೆ ಕೈ ಮುಗಿದು ಬಂದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಗೇಟಿನ ಪಕ್ಕದಲ್ಲಿ ಒಂದು ಉಮೆ ಮರವಿದೆ, ಎಲೆ ಬರುವ ಮೊದಲೇ ಹೂ ಬಿಡುವಂಥದ್ದು. ಹೂ ಬಿಟ್ಟಿತ್ತು. ಅದರ ಬುಡಕ್ಕೆ ನನ್ನ ಬಾಟಲಿಯ ನೀರು ಸುರಿದು ಅವರ ಹೆಸರು ಕರೆದೆ. ದಾರಿಯಲ್ಲಿ ಹೋಗುವವರಿಗೆ ಕೇಳಿಸದ ಹಾಗೆ, ತುಟಿ ಮಾತ್ರ ಅಲ್ಲಾಡಿಸಿ. ಕರೆದ ಮರುಕ್ಷಣ ನಾಚಿಕೆಯಿಂದ ಮೈ ಬಿಸಿಯಾಯಿತು. ಬಾಯಾರಿ ಕೂತವರನ್ನು ಯಾರಾದರೂ ಹೀಗೆ ಕದ್ದು ಕರೆಯುತ್ತಾರೆಯೇ? ಬಾಟಲಿಯಲ್ಲಿ ಇನ್ನೂ ನೀರಿತ್ತು. ಅವರ ಹೆಸರು, ಅವರ ತಂದೆಯ ಹೆಸರು ಎರಡನ್ನೂ ಸೇರಿಸಿ, ಈ ಸಲ ಬೀದಿಯ ಆ ತುದಿಗೆ ಕೇಳಿಸುವ ಹಾಗೆ ಕೂಗಿದೆ.